ಯಾವ ಕಾಲು, ಎಲ್ಲಿ ನೋವು: ನಾಯಿಯ ಮೈಯನ್ನು ಮಾತಿನಲ್ಲಿ ಹಿಡಿಯುವ ಬಗೆ

“ಕೋಣತಾ ಪಾಯ್?” ಎಂದು ಡಾಕ್ಟರ್ ಮೇಡಂ ಕೇಳಿದರು. ಯಾವ ಕಾಲು? ನಾನು “ಎಡಗಾಲು” ಎಂದೆ, ಹೆಂಡತಿ “ಬಲಗಾಲು” ಎಂದಳು. ಇಬ್ಬರೂ ಬೆರಳು ತೋರಿಸುತ್ತಿದ್ದದ್ದು ಒಂದೇ ಕಾಲಿಗೆ. ಅವಳು ನಾಯಿಯ ಹಿಂದೆ ನಿಂತಿದ್ದಳು, ನಾನು ಎದುರಿಗೆ.

ಪುಣೆಯಲ್ಲಿ ನಾಯಿ ಸಾಕಿರುವ ಕನ್ನಡದ ಮನೆಗಳಲ್ಲಿ ಇದು ದಿನದ ಪಾಡು. ಮನೆಯೊಳಗೆ ಕನ್ನಡ, ಸೊಸೈಟಿಯ ಗೇಟಿನಲ್ಲಿ ಮರಾಠಿ, ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಇಂಗ್ಲಿಷ್. ನಾಯಿಗೆ ಮಾತಿಲ್ಲ. ಅದರ ನೋವು ನಮ್ಮ ಬಾಯಿಂದಲೇ ಹೊರಗೆ ಬರಬೇಕು. ನಮ್ಮ ಮಾತು ತಪ್ಪಿದರೆ ಚಿಕಿತ್ಸೆ ತಡವಾಗುತ್ತದೆ ಎನ್ನುವುದನ್ನು ನಾನು ನಮ್ಮ ಚಂದ್ರಿಯಿಂದ ಕಲಿತೆ. ಆ ಸಂಗತಿ ಮುಂದೆ ಬರುತ್ತದೆ.

ಚಂದ್ರಿ ಮುಧೋಳದ ನಾಯಿ. ನಮ್ಮೂರು ಜಮಖಂಡಿ, ಮುಧೋಳ ಅಲ್ಲಿಂದ ದೂರವಲ್ಲ. ಸಿಂಹಗಡ ರಸ್ತೆಯಲ್ಲಿ ಅವಳನ್ನು ಕರೆದುಕೊಂಡು ಹೊರಟರೆ ಮರಾಠಿ ಅಜ್ಜಂದಿರು ನಿಂತು “ಕಾರವಾನಿ ಆಹೇ ಕಾ?” ಎಂದು ಕೇಳುತ್ತಾರೆ. ಅದೇ ನಾಯಿ, ಗಡಿಯಾಚೆಗಿನ ಹೆಸರು. ಕೆನಲ್ ಕ್ಲಬ್ ಆಫ್ ಇಂಡಿಯಾದ ಪಟ್ಟಿಯಲ್ಲೂ ಇದು ಕ್ಯಾರವಾನ್ ಹೌಂಡ್. 2005ರಲ್ಲಿ ಅಂಚೆ ಇಲಾಖೆ ದೇಶದ ನಾಯಿತಳಿಗಳ ಅಂಚೆಚೀಟಿ ತಂದಾಗ ಮಾತ್ರ ಮುಧೋಳ ಎಂದೇ ಅಚ್ಚಾಯಿತು. ಹೆಸರು ಎರಡಾದರೆ ಪರವಾಗಿಲ್ಲ. ರೋಗದ ಹೆಸರು, ಕೀಲಿನ ಹೆಸರು ಅದಲುಬದಲಾದರೆ ಮಾತ್ರ ಕಷ್ಟ.

ಈ ಲೇಖನವನ್ನು ಓದುವಾಗ ನಿಮ್ಮ ನಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೈ ಅದರ ಮೇಲಿರಲಿ.

ಮೊದಲು ದಿಕ್ಕು

ಎಡ, ಬಲ ಎಂದರೆ ಯಾವಾಗಲೂ ನಾಯಿಯ ಎಡ, ನಾಯಿಯ ಬಲ. ನೀವು ಎಲ್ಲಿ ನಿಂತಿದ್ದೀರಿ ಎನ್ನುವುದು ಲೆಕ್ಕಕ್ಕಿಲ್ಲ. ಗೊಂದಲವಾದರೆ ನಾಯಿಯ ಬಾಲದ ಕಡೆ ಹೋಗಿ, ಅದು ನೋಡುವ ದಿಕ್ಕಿಗೇ ನೀವೂ ಮುಖ ಮಾಡಿ ನಿಲ್ಲಿ. ಈಗ ನಿಮ್ಮ ಬಲವೇ ಅದರ ಬಲ.

ಮರಾಠಿಯಲ್ಲಿ ಬಲ ಎಂದರೆ ಉಜವಾ, ಎಡ ಎಂದರೆ ಡಾವಾ. ಪುಢ್ಚಾ ಎಂದರೆ ಮುಂದಿನದು, ಮಾಗ್ಚಾ ಎಂದರೆ ಹಿಂದಿನದು. “ಮಾಗ್ಚಾ ಡಾವಾ ಪಾಯ್” ಎಂದರೆ ಹಿಂದಿನ ಎಡಗಾಲು. ಈ ನಾಲ್ಕು ಮಾತು ಬಾಯಿಪಾಠ ಮಾಡಿಕೊಂಡರೆ ಕ್ಲಿನಿಕ್ಕಿನ ಕಾಂಪೌಂಡರ್ ಹತ್ತಿರವೂ ಅರ್ಧ ಕೆಲಸ ಮುಗಿಯಿತು.

ಮೂಗಿನಿಂದ ಬಾಲದವರೆಗೆ ಕೈಯಾಡಿಸಿ

ನಮ್ಮ ಕನ್ನಡಕ್ಕೆ ಎತ್ತು, ಆಕಳು, ಕುದುರೆಯ ಮೈಯ ಹೆಸರುಗಳು ಧಾರಾಳವಾಗಿವೆ. ಅವನ್ನೇ ನಾಯಿಗೂ ಬಳಸಬಹುದು, ಬಳಸಬೇಕು ಎನ್ನುವುದು ನನ್ನ ಅಭಿಪ್ರಾಯ. ಅವ್ವ ಫೋನಿನಲ್ಲಿ “ಅಳ್ಳಿ ಬಡ್ಯಾಕ ಹತ್ತೇತೇನು?” ಎಂದು ಕೇಳಿದರೆ ಆ ಒಂದೇ ಪ್ರಶ್ನೆಯಲ್ಲಿ ಪಕ್ಕೆಲುಬು ಮುಗಿದು ತೊಡೆ ಶುರುವಾಗುವ ನಡುವಿನ ಮೆತ್ತನೆಯ ಜಾಗವೂ, ಉಸಿರಾಟದ ಕಷ್ಟವೂ ಬಂದುಬಿಡುತ್ತವೆ. ಆ ಜಾಗಕ್ಕೆ ಅಳ್ಳೆ ಎನ್ನುತ್ತೇವೆ, ಡಾಕ್ಟರು ಫ್ಲ್ಯಾಂಕ್ ಎನ್ನುತ್ತಾರೆ.

ಮೂಗಿನಿಂದ ಶುರು ಮಾಡೋಣ. ಮೂಗು, ಬಾಯಿ ಸೇರಿ ಮುಂದಕ್ಕೆ ಚಾಚಿದ ಭಾಗ ಮೂತಿ, ಅವರ ಭಾಷೆಯಲ್ಲಿ ಮಜಲ್. ಮೂತಿ ಹಣೆಗೆ ಸೇರುವ ತಗ್ಗಿಗೆ ಸ್ಟಾಪ್ ಎನ್ನುತ್ತಾರೆ. ಚಂದ್ರಿಯ ಮುಖದಲ್ಲಿ ಆ ತಗ್ಗು ಕೈಗೆ ಹತ್ತುವುದೇ ಇಲ್ಲ, ಮೂತಿ ನೇರ ನೆತ್ತಿಗೆ ಏರುತ್ತದೆ. ಪಕ್ಕದ ಮನೆಯ ಪಗ್‌ನಲ್ಲಿ ಅದು ಗೋಡೆಯಂತೆ ಎದ್ದಿದೆ. ನೀಳಮುಖ, ನಡುಮುಖ, ಮೊಂಡುಮುಖ ಎಂದು ಮೂರು ಬಗೆ ಮಾಡಿಕೊಂಡರೆ ಸಾಕು. ಮೊಂಡುಮುಖದ ನಾಯಿಗಳಲ್ಲಿ ಮೂಗಿನ ಹೊಳ್ಳೆ ಕಿರಿದು, ಗಂಟಲಿನ ಮೆದು ಅಂಗುಳ ಉದ್ದ. ಹಾಗಾಗಿ ಅವು ಗೊರಕೆ ಹೊಡೆಯುವುದು ಮುದ್ದಲ್ಲ, ಉಸಿರಿಗೆ ದಾರಿ ಸಾಲದಿರುವುದು. ಏಪ್ರಿಲ್, ಮೇ ತಿಂಗಳ ಪುಣೆಯ ಮಧ್ಯಾಹ್ನದಲ್ಲಿ ಅವನ್ನು ಹೊರಗೆ ನಡೆಸಬೇಡಿ.

ತುಟಿ ಎತ್ತಿ ಹಲ್ಲು ನೋಡಿ. ಬೆಳೆದ ನಾಯಿಗೆ 42 ಹಲ್ಲು: ಮೇಲೆ 20, ಕೆಳಗೆ 22. ಮರಿಗೆ 28 ಹಾಲುಹಲ್ಲು. ಮುಂದಿನ ಸಣ್ಣವು ಬಾಚಿಹಲ್ಲು, ಚೂಪಾದ ನಾಲ್ಕು ಕೋರೆ, ಹಿಂದಿನವು ದವಡೆಹಲ್ಲು. ಮೇಲಿನ ಬಾಚಿಹಲ್ಲು ಕೆಳಗಿನದರ ಮುಂದೆ ಒತ್ತಿಕೊಂಡು ಕೂತರೆ ಕತ್ತರಿ ಕಚ್ಚು, ಅಂದರೆ ಸಿಸರ್ ಬೈಟ್. ಕೆಳದವಡೆ ಮುಂದೆ ಬಂದಿದ್ದರೆ ಅಂಡರ್‌ಶಾಟ್, ಮೇಲ್ದವಡೆ ಮುಂದಿದ್ದರೆ ಓವರ್‌ಶಾಟ್. ಪಾಮರೇನಿಯನ್‌ನಂಥ ಸಣ್ಣ ನಾಯಿಗಳಲ್ಲಿ ಹೊಸ ಕೋರೆ ಬಂದರೂ ಹಾಲುಕೋರೆ ಬೀಳದೆ ಎರಡೂ ಜೊತೆಗೆ ನಿಲ್ಲುವುದುಂಟು. ಏಳೆಂಟು ತಿಂಗಳಾದರೂ ಹಾಗೇ ಇದ್ದರೆ ಡಾಕ್ಟರಿಗೆ ತೋರಿಸಿ.

ಕಣ್ಣಿನ ಒಳಮೂಲೆಯಲ್ಲಿ ಬಿಳಿ ಪೊರೆಯಂಥ ಮೂರನೇ ರೆಪ್ಪೆ ಇದೆ. ಅದು ಸದಾ ಅರ್ಧ ಕಣ್ಣಿಗೆ ಬಂದು ನಿಂತಿದ್ದರೆ ಹೇಳಲೇಬೇಕಾದ ಸಂಗತಿ. ಅದರ ಗ್ರಂಥಿ ಕೆಂಪು ಕಾಳಿನಂತೆ ಹೊರಬಂದರೆ ಚೆರಿ ಐ. ಕಿವಿ ನಿಮಿರುಕಿವಿಯೋ, ಜೋಲುಕಿವಿಯೋ, ಮುಧೋಳದ ಹಾಗೆ ತಲೆಗೊತ್ತಿ ಮಡಿಚುವುದೋ ನೋಡಿ. ಜೋಲುಕಿವಿಯೊಳಗೆ ಗಾಳಿಯಾಡುವುದಿಲ್ಲ, ಮಳೆಗಾಲದಲ್ಲಿ ವಾಸನೆ ನೋಡುತ್ತಿರಿ. ಬೀದಿನಾಯಿಯ ಒಂದು ಕಿವಿಯಲ್ಲಿ ತುಂಡು ತೆಗೆದ ಗುರುತಿದ್ದರೆ ಅದು ಕಚ್ಚಾಟದ ಗಾಯವಲ್ಲ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂಬ ಗುರುತು.

ಕೊರಳ ಕೆಳಗೆ ಜೋಲುವ ತೊಗಲಿಗೆ ಆಕಳಿಗೆ ಹೇಳುವ ಗಂಗೆದೊಗಲು ಎಂಬ ಸೊಗಸಾದ ಮಾತೇ ಇದೆ. ಮ್ಯಾಸ್ಟಿಫ್, ಸೇಂಟ್ ಬರ್ನಾರ್ಡ್‌ಗಳಲ್ಲಿ ಅದು ಎದ್ದು ಕಾಣುತ್ತದೆ. ಕುತ್ತಿಗೆ ಬೆನ್ನಿಗೆ ಸೇರುವಲ್ಲಿ ಎರಡು ಹೆಗಲುಮೂಳೆಗಳ ನಡುವಿನ ಎತ್ತರವೇ ವಿದರ್ಸ್. ನಾಯಿಯ ಎತ್ತರ ಅಳೆಯುವುದು ನೆಲದಿಂದ ಇಲ್ಲಿಯವರೆಗೆ, ತಲೆಯವರೆಗಲ್ಲ. ಎದೆಗೂಡಿನಲ್ಲಿ 13 ಜೊತೆ ಪಕ್ಕೆಲುಬು. ಅದರ ಹಿಂದೆ ಸೊಂಟ, ಆಮೇಲೆ ಬಾಲದ ಕಡೆ ಇಳಿಯುವ ಚಪ್ಪೆ. ಹೊಟ್ಟೆ ಒಳಕ್ಕೆ ಎಳೆದುಕೊಂಡಂತೆ ಕಾಣುವುದಕ್ಕೆ ಟಕ್-ಅಪ್ ಎನ್ನುತ್ತಾರೆ. ಮುಧೋಳಕ್ಕೆ ಅದು ಹುಟ್ಟುಗುಣ. “ಊಟ ಹಾಕುವುದಿಲ್ಲವೇ?” ಎಂದು ಸೊಸೈಟಿಯಲ್ಲಿ ಕೇಳಿದವರಿಗೆಲ್ಲ ನಾನು ಇದನ್ನೇ ವಿವರಿಸುತ್ತೇನೆ. ಲ್ಯಾಬ್ರಡಾರ್‌ನ ಪಕ್ಕೆಲುಬು ಎಣಿಸುವಂತಿದ್ದರೆ ಅದು ಬೇರೆ ಮಾತು.

ಈಗ ಕಾಲಿಗೆ ಬನ್ನಿ. ತಪ್ಪು ಹೆಚ್ಚಾಗುವುದು ಇಲ್ಲೇ, ಸ್ವಲ್ಪ ನಿಧಾನಿಸೋಣ.

ನಾಯಿ ನಮ್ಮ ಹಾಗೆ ಅಂಗಾಲೂರಿ ನಡೆಯುವುದಿಲ್ಲ, ಬೆರಳ ಮೇಲೆ ನಡೆಯುತ್ತದೆ. ಹಿಂಗಾಲಿನ ನಡುವೆ ಹಿಂದಕ್ಕೆ ಚೂಪಾಗಿ ಚಾಚಿದ ಕೀಲನ್ನು ಎಲ್ಲರೂ “ಹಿಂದುಮುಂದಾದ ಮೊಣಕಾಲು” ಎಂದುಕೊಳ್ಳುತ್ತಾರೆ. ಅದು ಮೊಣಕಾಲಲ್ಲ, ಹಿಮ್ಮಡಿ. ಡಾಕ್ಟರು ಅದಕ್ಕೆ ಹಾಕ್ ಎನ್ನುತ್ತಾರೆ. ನಿಜವಾದ ಮೊಣಕಾಲು ಇನ್ನೂ ಮೇಲೆ, ಅಳ್ಳೆಯ ಹತ್ತಿರ, ಮುಂದಕ್ಕೆ ಮುಖ ಮಾಡಿದೆ. ಅದು ಸ್ಟೈಫಲ್. ಅಲ್ಲಿಯೇ ಮಂಡಿಚಿಪ್ಪು ಕೈಗೆ ಸಿಗುತ್ತದೆ. ನಿಮ್ಮ ಕೈಯನ್ನು ತೊಡೆಯ ಮುಂಬದಿಯಲ್ಲಿ ಮೇಲಿನಿಂದ ಕೆಳಗೆ ಜಾರಿಸಿ. ಮೊದಲು ಸಿಗುವ ಗುಂಡನೆಯ ಕೀಲು ಮೊಣಕಾಲು, ಆಮೇಲೆ ಹಿಂಬದಿಯಲ್ಲಿ ಸಿಗುವ ಮೂಳೆಯ ತುದಿ ಹಿಮ್ಮಡಿ. ಮರಾಠಿಯಲ್ಲಿ ಮೊಣಕಾಲಿಗೆ ಗುಡಘಾ, ಹಿಮ್ಮಡಿಗೆ ಟಾಚ್. ಹಾಕ್ ಮುಟ್ಟಿಕೊಂಡು “ಗುಡಘಾ ದುಖತೋ” ಎಂದರೆ ಎಕ್ಸ್‌ರೇ ತಪ್ಪು ಕೀಲಿಗೆ ಹೋಗಬಹುದು.

ಮುಂಗಾಲಿನಲ್ಲಿ ಎದೆಗೆ ಅಂಟಿಕೊಂಡಂತಿರುವುದು ಮೊಣಕೈ. ಅದರ ಕೆಳಗಿನ ಕೀಲು ಮಣಿಕಟ್ಟು. ಮಣಿಕಟ್ಟು ಮತ್ತು ಪಾದದ ನಡುವಿನ ಗೇಣಿಗಿಂತ ಚಿಕ್ಕ ಭಾಗ ಪಾಸ್ಟರ್ನ್. ನಾಯಿಯ ಮುಂಗಾಲು ಮೈಗೆ ಮೂಳೆಯಿಂದ ಜೋಡಿಸಿಕೊಂಡಿಲ್ಲ. ನಮ್ಮಲ್ಲಿರುವಂಥ ಕೊರಳೆಲುಬು ಅದಕ್ಕಿಲ್ಲ, ಇಡೀ ಹೆಗಲನ್ನು ಸ್ನಾಯುಗಳೇ ಹೊತ್ತಿವೆ. ಮೈಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲಿನ ಮೇಲೆಯೇ ಬೀಳುತ್ತದೆ.

ಪಾದದ ಅಡಿಯ ಮೆತ್ತೆಗಳಿಗೆ ಪ್ಯಾಡ್. ಒಳಬದಿಯಲ್ಲಿ ನೆಲ ಮುಟ್ಟದೆ ನೇತಾಡುವ ಹೆಬ್ಬೆರಳಿನಂಥದು ಡ್ಯೂಕ್ಲಾ. ಅದರ ಉಗುರು ನೆಲಕ್ಕೆ ತಿಕ್ಕಿ ಸವೆಯುವುದಿಲ್ಲವಾದ್ದರಿಂದ ಸುರುಳಿಯಾಗಿ ಚರ್ಮದೊಳಗೆ ಇಳಿಯಬಹುದು. ತಿಂಗಳಿಗೊಮ್ಮೆ ನೋಡಿ.

ಕೊನೆಗೆ ಬಾಲ ಎತ್ತಿ. ಗುದದ ಎರಡೂ ಪಕ್ಕ, ಗಡಿಯಾರದ 4 ಮತ್ತು 8 ಇರುವ ಕಡೆ, ಚರ್ಮದೊಳಗೆ ಎರಡು ಸಣ್ಣ ಚೀಲಗಳಿವೆ. ನಾಯಿ ಕೂತು ಹಿಂಭಾಗವನ್ನು ನೆಲಕ್ಕೆ ಎಳೆದರೆ ಮನೆಮಂದಿ ತಕ್ಷಣ “ಜಂತುಹುಳು” ಎನ್ನುತ್ತಾರೆ. ಬಹಳ ಸಲ ಕಾರಣ ಹುಳುವಲ್ಲ, ತುಂಬಿ ಕಟ್ಟಿಕೊಂಡ ಆ ಚೀಲಗಳು. ಡಾಕ್ಟರಿಗೆ “ಏನಲ್ ಗ್ಲ್ಯಾಂಡ್ ನೋಡಿ” ಎನ್ನಿ.

ನಡಿಗೆ ನೋಡಿ, ನಡಿಗೆ ಹೇಳಿ

ನಡಿಗೆಗೂ ನಮ್ಮಲ್ಲಿ ಮಾತಿದೆ. ಸಾದಾ ನಡಿಗೆಯಲ್ಲಿ ನಾಲ್ಕೂ ಪಾದ ಒಂದೊಂದಾಗಿ ನೆಲ ಮುಟ್ಟುತ್ತವೆ, ನಾಲ್ಕು ತಾಳ. ಕುಕ್ಕುಲೋಟದಲ್ಲಿ, ಅಂದರೆ ಟ್ರಾಟ್‌ನಲ್ಲಿ, ಮುಂದಿನ ಬಲ ಮತ್ತು ಹಿಂದಿನ ಎಡ ಜೊತೆಯಾಗಿ, ಮುಂದಿನ ಎಡ ಮತ್ತು ಹಿಂದಿನ ಬಲ ಜೊತೆಯಾಗಿ ಬೀಳುತ್ತವೆ, ಎರಡು ತಾಳ. ಒಂದೇ ಬದಿಯ ಎರಡೂ ಕಾಲು ಒಟ್ಟಿಗೆ ಎತ್ತಿದರೆ ಅದು ಪೇಸ್. ಒಂಟೆ ನಡೆಯುವುದು ಹಾಗೆಯೇ. ಮರಿಗಳು, ದಣಿದ ನಾಯಿಗಳು ಹೀಗೆ ನಡೆಯುವುದುಂಟು. ಮೊದಲು ಕುಕ್ಕುಲೋಟದಲ್ಲಿದ್ದ ನಾಯಿ ಇದ್ದಕ್ಕಿದ್ದಂತೆ ಸದಾ ಒಂಟೆನಡೆಗೆ ಇಳಿದರೆ ಬೆನ್ನೋ ಸೊಂಟವೋ ನೋಯುತ್ತಿರಬಹುದು. ಕುಕ್ಕುಲೋಟಕ್ಕಿಂತ ವೇಗದ ಓಟ ಕ್ಯಾಂಟರ್, ಅದು ಮೂರು ತಾಳ. ಕೊನೆಯದು ನಾಗಾಲೋಟ.

ಮುಧೋಳದ ನಾಗಾಲೋಟವನ್ನು ಕಣ್ಣಾರೆ ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ನೋಟದಿಂದ ಬೇಟೆ ಹಿಡಿಯುವ ನಾಯಿಗಳು ಪೂರ್ತಿ ವೇಗದಲ್ಲಿ ಓಡುವಾಗ ಒಂದು ಹೆಜ್ಜೆಯ ಸುತ್ತಿನಲ್ಲಿ ಎರಡು ಸಲ ನಾಲ್ಕೂ ಕಾಲು ನೆಲ ಬಿಡುತ್ತವೆ. ಒಮ್ಮೆ ಮೈ ಬಿಲ್ಲಿನಂತೆ ಮಡಿಚಿ ಕಾಲುಗಳು ಹೊಟ್ಟೆಯಡಿ ಸೇರಿದಾಗ, ಇನ್ನೊಮ್ಮೆ ಮುಂದೆ ಹಿಂದೆ ಚಾಚಿ ಬಾಣದಂತಾದಾಗ. ಜಮಖಂಡಿಯಲ್ಲಿ ಕಬ್ಬು ಕಡಿದ ಖಾಲಿ ಹೊಲದಲ್ಲಿ ಚಂದ್ರಿ ಓಡಿದ್ದನ್ನು ನಾನು ಮೊಬೈಲಿನಲ್ಲಿ ನಿಧಾನಗತಿಯಲ್ಲಿ ಹಿಡಿದಿದ್ದೇನೆ. ಆ ಎರಡು ಹಾರಾಟವೂ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಪುಣೆಯ ಫ್ಲ್ಯಾಟಿನಲ್ಲಿ ಅವಳಿಗೆ ಅಷ್ಟು ಜಾಗ ಕೊಡಲಾಗದ ನೋವು ನನಗಿದೆ.

ಕುಂಟುವ ಕಾಲು ಯಾವುದೆಂದು ಪತ್ತೆ ಮಾಡಲು ಕುಕ್ಕುಲೋಟವೇ ಮೇಲು. ಆ ಓಟದಲ್ಲಿ ಎರಡೂ ಬದಿ ಸಮವಾಗಿ ಭಾರ ಹೊರಬೇಕು, ವ್ಯತ್ಯಾಸ ಅಡಗಲಾರದು. ಮಾಡಬೇಕಾದದ್ದಿಷ್ಟು. ಸೊಸೈಟಿಯ ಪಾರ್ಕಿಂಗಿನಂಥ ಸಮನೆಲ ಹುಡುಕಿ. ಬೆಲ್ಟ್ ಸಡಿಲ ಬಿಟ್ಟು ಒಬ್ಬರು ಚುರುಕಾಗಿ ನಡೆಸಲಿ. ಇನ್ನೊಬ್ಬರು ಮೊಣಕಾಲೂರಿ, ಮೊಬೈಲನ್ನು ನಾಯಿಯ ಎತ್ತರಕ್ಕೆ ಹಿಡಿದು, ಬರುವಾಗ, ಹೋಗುವಾಗ, ಪಕ್ಕದಿಂದ ಹೀಗೆ ಮೂರು ತುಣುಕು ವಿಡಿಯೊ ಮಾಡಲಿ. ಕ್ಲಿನಿಕ್ಕಿಗೆ ಹೋದ ಕೂಡಲೇ ಹೆದರಿಕೆಯಲ್ಲಿ ಎಷ್ಟೋ ನಾಯಿಗಳು ಕುಂಟುವುದನ್ನೇ ನಿಲ್ಲಿಸುತ್ತವೆ. ಆಗ ಈ ವಿಡಿಯೊವೇ ಸಾಕ್ಷಿ.

ಮುಂಗಾಲು ನೋಯುತ್ತಿದ್ದರೆ ತಲೆ ನೋಡಿ. ನೋಯುವ ಕಾಲು ನೆಲಕ್ಕೆ ಬಿದ್ದಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಬಿದ್ದಾಗ ಕೆಳಗಿಳಿಯುತ್ತದೆ. ತಲೆ ತಗ್ಗಿಸಿದ ಕಡೆಯೇ ನೋವು ಎಂದು ಜನ ತಿಳಿಯುತ್ತಾರೆ, ಆಗುವುದು ಅದಕ್ಕೆ ಉಲ್ಟಾ. ಹಿಂಗಾಲಾದರೆ ಹಿಂದಿನಿಂದ ಚಪ್ಪೆ ನೋಡಿ. ನೋವಿನ ಬದಿಯ ಚಪ್ಪೆ ಹೆಚ್ಚು ಏರಿಳಿಯುತ್ತದೆ.

ಇನ್ನು ಕುಂಟುವ ಬಗೆ. ಮೂರು ಕಾಲಲ್ಲಿ ಎರಡು ಹೆಜ್ಜೆ ಹಾರಿ, ಕಾಲೊದರಿ, ಏನೂ ಆಗದಂತೆ ಮತ್ತೆ ನಡೆದರೆ, ಅದೂ ಸಣ್ಣ ತಳಿಯಲ್ಲಾದರೆ, ಮಂಡಿಚಿಪ್ಪು ಜಾರುತ್ತಿರಬಹುದು. ಹಿಂದಿನ ಎರಡೂ ಕಾಲು ಜೋಡಿಸಿ ಮೊಲದಂತೆ ಕುಪ್ಪಳಿಸುವ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳ ಸೊಂಟದ ಕೀಲನ್ನು ಪರೀಕ್ಷಿಸಬೇಕು, ಹಿಪ್ ಡಿಸ್‌ಪ್ಲೇಸಿಯಾ ಎನ್ನುವುದು ಅದನ್ನೇ. ಬೆರಳ ತುದಿ ಮಾತ್ರ ನೆಲಕ್ಕೆ ತಾಗಿಸಿ ನಿಂತರೆ ಮೊಣಕಾಲಿನ ಅಸ್ಥಿರಜ್ಜು ಹರಿದಿರುವ ಸಾಧ್ಯತೆ. ಪಾದ ಮಡಚಿಕೊಂಡು ಮೇಲುಭಾಗ ನೆಲಕ್ಕೆ ಉಜ್ಜುತ್ತಿದ್ದರೆ ಅದು ನೋವಿನ ಕುಂಟಲ್ಲ, ನರದ ತೊಂದರೆ. ಡಾಕ್ಟರು ನಕ್ಲಿಂಗ್ ಎನ್ನುತ್ತಾರೆ. ಉಗುರಿನ ಮೇಲ್ಭಾಗ ಸವೆದಿದೆಯೇ ನೋಡಿ. ಡ್ಯಾಷ್‌ಹಂಡ್‌ನಂಥ ಉದ್ದ ಬೆನ್ನಿನ ನಾಯಿಯಲ್ಲಿ ಇದು ಕಂಡರೆ ನಾಳೆಗೆ ಇಡಬೇಡಿ, ಎತ್ತುವಾಗ ಬೆನ್ನು ಬಾಗದಂತೆ ಹಲಗೆಯ ಮೇಲೆ ಮಲಗಿಸಿ ಒಯ್ಯಿರಿ.

ಮೈ ಹುಷಾರಿಲ್ಲದಾಗ

ಆರೋಗ್ಯವಾಗಿದ್ದಾಗಿನ ಅಂಕಿಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ನಾಯಿಯ ಸಹಜ ಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ನಮ್ಮದಕ್ಕಿಂತ ಹೆಚ್ಚು. ಹಾಗಾಗಿ ಮೂಗು ಮುಟ್ಟಿ “ಜ್ವರ ಬಂದಿದೆ” ಎನ್ನುವುದು ತರವಲ್ಲ. ಡಿಜಿಟಲ್ ಥರ್ಮಾಮೀಟರಿನ ತುದಿಗೆ ವ್ಯಾಸಲೀನ್ ಹಚ್ಚಿ ಗುದದಲ್ಲಿಟ್ಟು ನೋಡುವುದೇ ಸರಿ. ನಿದ್ದೆಯಲ್ಲಿ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರು ಸದಾ ಇದ್ದರೆ ಹೇಳಿ. ವಸಡು ಗುಲಾಬಿಯಾಗಿರಬೇಕು, ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಕಪ್ಪು ವಸಡಿನ ನಾಯಿಯಾದರೆ ಕೆಳರೆಪ್ಪೆಯ ಒಳಭಾಗ ನೋಡಿ.

ಒಂದೇ ಮಾತಿನಲ್ಲಿ ನಾವು ಕಲಸಿಬಿಡುವ ಕೆಲವನ್ನು ಬಿಡಿಸಿಕೊಳ್ಳಬೇಕು. ಹೊಟ್ಟೆ ಹಿಂಡಿ, ಸದ್ದು ಮಾಡಿ ಕಕ್ಕಿದರೆ ವಾಂತಿ. ತಲೆ ತಗ್ಗಿಸಿದ ಕೂಡಲೇ, ಹೊಟ್ಟೆ ಕುಣಿಯದೆ, ತಿಂದ ಅನ್ನ ಹಾಗೆಯೇ ಹೊರಬಿದ್ದರೆ ಅದು ವಾಂತಿಯಲ್ಲ, ಅನ್ನನಾಳದಿಂದ ಹಿಂದಿರುಗಿದ್ದು. ಎರಡಕ್ಕೂ ಚಿಕಿತ್ಸೆ ಬೇರೆ. ಕಕ್ಕಲು ಹವಣಿಸಿ ಏನೂ ಬಾರದೆ, ಹೊಟ್ಟೆ ನಗಾರಿಯಂತೆ ಉಬ್ಬುತ್ತಿದ್ದರೆ ಹೊಟ್ಟೆ ತಿರುಚಿಕೊಂಡಿರಬಹುದು. ಎದೆ ಆಳವಿರುವ ದೊಡ್ಡ ನಾಯಿಗಳಲ್ಲಿ ಆಗುವ ಇದು ಗಂಟೆಗಳ ಲೆಕ್ಕದ ಕಾಯಿಲೆ, ಆ ಕ್ಷಣವೇ ಹೊರಡಿ. ಹಾಗೆಯೇ ಬಿದ್ದು ಕಾಲು ಹೊಡೆದುಕೊಂಡು, ಜೊಲ್ಲು ಸುರಿಸಿ, ಉಚ್ಚೆ ಹೋಗಿ, ಆಮೇಲೆ ಕೆಲ ಹೊತ್ತು ಮಂಕಾಗಿದ್ದರೆ ಫಿಟ್ಸ್. ಸಟ್ಟನೆ ಕುಸಿದು ನಿಮಿಷದೊಳಗೆ ಎದ್ದು ಮೊದಲಿನಂತಾದರೆ ಹೃದಯದ ತೊಂದರೆಯಿಂದಾದ ಮೂರ್ಛೆ ಇರಬಹುದು.

ಮಳೆಗಾಲದ ಎರಡು ಹೆಸರು ಪುಣೆಯವರಿಗೆ ಗೊತ್ತಿರಲೇಬೇಕು. ಒಂದು ಉಣ್ಣೆಯಿಂದ ಬರುವ ಜ್ವರ. ಉಣ್ಣೆಗೆ ಇಲ್ಲಿ ಗೋಚೀಡ್ ಎನ್ನುತ್ತಾರೆ, ಚಿಗಟಕ್ಕೆ ಪಿಸೂ. ಚಿಗಟ ಹಾರುತ್ತದೆ, ಉಣ್ಣೆ ಕಚ್ಚಿಕೊಂಡು ಹೆಸರುಕಾಳಿನಿಂದ ಬಟಾಣಿಯಷ್ಟಾಗುತ್ತದೆ. ಮಂಕು, ಜ್ವರ, ಊಟ ಬಿಡುವುದು, ಮೂಗಿನಲ್ಲಿ ರಕ್ತ, ಹೊಟ್ಟೆಯ ಚರ್ಮದಲ್ಲಿ ಸೂಜಿಮೊನೆಯಂಥ ಕೆಂಪು ಚುಕ್ಕೆ ಕಂಡರೆ “ಟಿಕ್ ಫೀವರ್ ಇರಬಹುದೇ, ಪ್ಲೇಟ್‌ಲೆಟ್ ನೋಡಿ” ಎಂದು ನೀವೇ ಕೇಳಿ. ಉಣ್ಣೆ ಗೋಡೆಯ ಬಿರುಕಿನಲ್ಲೂ ಇರುತ್ತದೆ, ನಾಯಿಗೆ ಮಾತ್ರ ಔಷಧಿ ಹಾಕಿದರೆ ಮುಗಿಯುವುದಿಲ್ಲ. ಇನ್ನೊಂದು ಇಲಿಜ್ವರ, ಲೆಪ್ಟೊ. ಇಲಿಯ ಉಚ್ಚೆ ಬೆರೆತ ನಿಂತ ನೀರಿನಿಂದ ಬರುತ್ತದೆ. ಕಣ್ಣು ಹಳದಿ, ಉಚ್ಚೆ ಕಡುಬಣ್ಣ. ನಾಯಿಯ ಉಚ್ಚೆಯಿಂದ ನಮಗೂ ತಗಲಬಹುದು, ಕೈಗವಸು ಹಾಕಿ ತೊಳೆಯಿರಿ. ಮರಿಗಳಲ್ಲಿ ಗಬ್ಬುನಾರುವ ರಕ್ತಭೇದಿ ಎಂದರೆ ಪಾರ್ವೊ ವೈರಸ್‌ನ ಅನುಮಾನ ಮೊದಲು.

ಮನುಷ್ಯರ ನೋವಿನ ಗುಳಿಗೆ ಕೊಡಬೇಡಿ. ಇಬುಪ್ರೊಫೆನ್ ನಾಯಿಯ ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಹಾಳುಮಾಡುತ್ತದೆ.

ಹುಚ್ಚುನಾಯಿ ಎನ್ನುವ ನಮ್ಮ ಮಾತು ಒಂದು ಅಪಾಯವನ್ನು ಮರೆಸುತ್ತದೆ. ಎಲ್ಲ ರೇಬಿಸ್ ನಾಯಿಯೂ ಅಟ್ಟಿಸಿಕೊಂಡು ಕಚ್ಚುವುದಿಲ್ಲ. ಇನ್ನೊಂದು ರೂಪದಲ್ಲಿ ಅದು ಮೂಲೆ ಸೇರುತ್ತದೆ, ಕೆಳದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ನುಂಗಲಾಗುವುದಿಲ್ಲ. “ಗಂಟಲಲ್ಲಿ ಎಲುಬು ಸಿಕ್ಕಿದೆ ಪಾಪ” ಎಂದು ಕರುಣೆಯಿಂದ ಬಾಯಿಗೆ ಕೈಹಾಕಿದವರಿಗೆ ಅದು ಪ್ರಾಣಕ್ಕೆ ಬರುತ್ತದೆ. ಜೋತ ದವಡೆಯ ಅಪರಿಚಿತ ನಾಯಿಯ ಬಾಯಿಗೆ ಕೈ ಹಾಕಬೇಡಿ. ಕಚ್ಚಿದರೆ, ಪರಚಿದರೆ, ಗಾಯಕ್ಕೆ ಜೊಲ್ಲು ತಾಗಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಸಿನ, ಸುಣ್ಣ, ಕಾರದಪುಡಿ ಯಾವುದನ್ನೂ ಹಚ್ಚಬೇಡಿ.

ಬೆದೆ, ಗಬ್ಬ, ಮರಿ

ಹೆಣ್ಣುನಾಯಿ ಸಾಮಾನ್ಯವಾಗಿ ಆರೆಂಟು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಇಲ್ಲಿ ಎಲ್ಲರೂ “ಹೀಟ್‌ವರ್ ಆಲೀ” ಎನ್ನುತ್ತಾರೆ. ಮೊದಲ ಘಟ್ಟ ಸುಮಾರು ಒಂಬತ್ತು ದಿನ: ಯೋನಿ ಊದಿಕೊಳ್ಳುತ್ತದೆ, ರಕ್ತ ಒಸರುತ್ತದೆ, ಗಂಡು ಹತ್ತಿರ ಬಂದರೆ ಗುರ್ರೆನ್ನುತ್ತದೆ. ಎರಡನೇ ಘಟ್ಟವೂ ಹೆಚ್ಚುಕಡಿಮೆ ಅಷ್ಟೇ ದಿನ: ಸ್ರಾವ ತಿಳಿಯಾಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಬಾಲ ಓರೆ ಮಾಡಿ ನಿಲ್ಲುತ್ತದೆ. ಗಬ್ಬವಾಗುವುದು ಈಗ. “ರಕ್ತ ನಿಂತಿತು, ಮುಗಿಯಿತು” ಎಂದು ಮನೆಯವರು ಬಾಗಿಲು ತೆರೆಯುವುದೂ ಈಗಲೇ. ಮೂರು ವಾರ ಬೆಲ್ಟ್ ಬಿಚ್ಚಬೇಡಿ. ಗಂಡು ಹೆಣ್ಣು ಗಂಟುಬಿದ್ದಿದ್ದರೆ ನೀರೆರಚಿ, ಹೊಡೆದು ಬಿಡಿಸಬೇಡಿ, ಎರಡಕ್ಕೂ ಗಾಯವಾಗುತ್ತದೆ. ಅರ್ಧ ಗಂಟೆಯೊಳಗೆ ಹೆಚ್ಚಿನವು ತಾವೇ ಬಿಡಿಸಿಕೊಳ್ಳುತ್ತವೆ.

ಈಗ ಚಂದ್ರಿಯ ಸಂಗತಿ. ಅವಳಿಗೆ ಆರು ವರ್ಷವಾಗಿತ್ತು. ಬೆದೆ ಮುಗಿದು ಐದು ವಾರಕ್ಕೆ ಮತ್ತೆ ಸ್ರಾವ ಕಂಡಿತು. ನೀರು ಬಹಳ ಕುಡಿಯುತ್ತಿದ್ದಳು. ನಾನು ಡಾಕ್ಟರಿಗೆ ಫೋನಿನಲ್ಲಿ “ಮತ್ತೆ ಹೀಟ್ ಬಂದಿದೆ” ಎಂದೆ. ನಾನು ಕೊಟ್ಟ ಆ ಹೆಸರು ಕೇಳಿ ಅವರು “ಹಾಗಾದರೆ ನಾಲ್ಕು ದಿನ ನೋಡಿ” ಎಂದರು. ನಾಲ್ಕನೇ ದಿನ ಅವಳು ಮೇಲೇಳಲಿಲ್ಲ. ಐದು ವಾರಕ್ಕೆ ಎರಡನೇ ಬೆದೆ ಸಾಮಾನ್ಯವಾಗಿ ಬರುವುದಿಲ್ಲ. ಅದು ಬೆದೆಯಾಗಿರಲಿಲ್ಲ, ಗರ್ಭಕೋಶದಲ್ಲಿ ಕೀವು. ಪಯೊಮೆಟ್ರಾ. ಆ ರಾತ್ರಿಯೇ ಗರ್ಭಕೋಶ ತೆಗೆದರು, ಅವಳು ಉಳಿದಳು. ನಾನು “ಹೀಟ್” ಎನ್ನುವ ಬದಲು “ಬೆದೆ ಮುಗಿದು ಐದು ವಾರ, ಕೀವಿನಂಥ ವಾಸನೆಯ ಸ್ರಾವ, ನೀರು ಜಾಸ್ತಿ” ಎಂದು ಕಂಡದ್ದನ್ನು ಕಂಡಂತೆ ಹೇಳಿದ್ದರೆ ಆ ನಾಲ್ಕು ದಿನ ಅವಳು ನರಳುತ್ತಿರಲಿಲ್ಲ. ರೋಗದ ಹೆಸರು ಗೊತ್ತಿಲ್ಲದಿದ್ದರೆ ಹೆಸರು ಇಡಬೇಡಿ. ಬಣ್ಣ, ವಾಸನೆ, ದಿನ, ಎಷ್ಟು ಸಲ, ಇಷ್ಟು ಹೇಳಿ. ಕೆಲವೊಮ್ಮೆ ಗರ್ಭಕೋಶದ ಬಾಯಿ ಮುಚ್ಚಿದ್ದು ಸ್ರಾವವೇ ಕಾಣುವುದಿಲ್ಲ, ಅದು ಇನ್ನೂ ಅಪಾಯದ್ದು.

ಇದೇ ದಿನಗಳಲ್ಲಿ ಸುಳ್ಳುಗಬ್ಬವೂ ಕಾಣಿಸಬಹುದು: ಗಬ್ಬವಿಲ್ಲದೆ ಹಾಲು ತುಂಬುತ್ತದೆ, ಚಪ್ಪಲಿಯನ್ನೋ ಗೊಂಬೆಯನ್ನೋ ಮರಿಯಂತೆ ಕಾಯುತ್ತದೆ. ಮೊಲೆ ಹಿಂಡಬೇಡಿ, ಹಾಲು ಇನ್ನೂ ಹೆಚ್ಚುತ್ತದೆ.

ಸ್ಪೇ ಎಂದರೆ ಅಂಡಾಶಯ, ಸಾಮಾನ್ಯವಾಗಿ ಅದರ ಜೊತೆ ಗರ್ಭಕೋಶವನ್ನೂ ತೆಗೆಯುವುದು. ಜನ ಬಳಸುವ ನಸಬಂದಿ ಎನ್ನುವ ಮಾತು ನಾಳ ಕಟ್ಟುವುದನ್ನು ಸೂಚಿಸುತ್ತದೆ. ಹಾಗಾಗಿ ಎಷ್ಟೋ ಮಂದಿ ಆಪರೇಷನ್ ಆದಮೇಲೂ ಬೆದೆ ಬರುತ್ತದೆ ಎಂದುಕೊಳ್ಳುತ್ತಾರೆ. ಬರುವುದಿಲ್ಲ. ಗಂಡಿನಲ್ಲಿ ಒಂದು ಬೀಜ ಕೆಳಗಿಳಿಯದೆ ಹೊಟ್ಟೆಯಲ್ಲೇ ಉಳಿದರೆ ಕ್ರಿಪ್ಟಾರ್ಕಿಡ್. ಅಂಥದ್ದರಿಂದ ಮರಿ ತೆಗೆಸಬಾರದು, ಒಳಗುಳಿದ ಬೀಜ ಗಂತಿಯಾಗುವ ಸಾಧ್ಯತೆಯೂ ಹೆಚ್ಚು.

ಗಬ್ಬದ ಅವಧಿ ಸುಮಾರು 63 ದಿನ. ಮರಿ ಹಾಕುವ ಹಿಂದಿನ ದಿನ ಶಾಖ 99 ಡಿಗ್ರಿಗಿಂತ ಕೆಳಗಿಳಿಯುವುದುಂಟು, ಕೊನೆಯ ವಾರ ದಿನಕ್ಕೆರಡು ಸಲ ನೋಡಿ ಬರೆದಿಡಿ. ಅರ್ಧ ಗಂಟೆ ಜೋರಾಗಿ ಮುಕ್ಕರಿದರೂ ಮರಿ ಬಾರದಿದ್ದರೆ, ಒಳಗೆ ಇನ್ನೂ ಮರಿಯಿದ್ದು ಎರಡು ಗಂಟೆ ಸುಮ್ಮನಾದರೆ, ಮೊದಲ ಮರಿಗೂ ಮುಂಚೆ ಹಸಿರುಗಪ್ಪು ಸ್ರಾವ ಕಂಡರೆ ತಡಮಾಡಬೇಡಿ. ಪ್ರತಿ ಮರಿಗೂ ಒಂದು ಮಾಸು, ಎಣಿಸಿ. ಮೊಲೆಯೂಡುವ ಸಣ್ಣ ತಾಯಿ ನಡುಗಿ, ತೇಕಿ, ಕಾಲು ಸೆಟೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿದೆ, ಚಳಿಯಲ್ಲ.

ಮರಿ ಕೊಳ್ಳುವಾಗ ಕಿವಿಗೆ ಬೀಳುವ ಮಾತು

ಮಾರುವವರ ಬಾಯಲ್ಲಿ ಹೆವಿ ಬೋನ್, ಡಬಲ್ ಬೋನ್, ಪಂಚ್ ಫೇಸ್, ಟೀಕಪ್ ಎಂಬ ಮಾತು ಕೇಳುತ್ತೀರಿ. ಇವು ಮಾರಾಟದ ಮಾತು. ಪಂಚ್ ಫೇಸ್ ಎಂದರೆ ಮೂತಿ ಇನ್ನೂ ಚಿಕ್ಕದು, ಉಸಿರು ಇನ್ನೂ ಕಷ್ಟ. ಟೀಕಪ್ ಎಂದರೆ ಬಹಳ ಸಲ ಸಾಕಷ್ಟು ಬೆಳೆಯದ ಮರಿ.

ಕೇಳಬೇಕಾದ ಮಾತು ಬೇರೆ. ತಾಯಿ ಎಲ್ಲಿದೆ, ತೋರಿಸಿ. ಇದು ಅದರ ಎಷ್ಟನೇ ಸೂಲು? 2017ರ ನಾಯಿ ತಳಿವರ್ಧನೆ ಮತ್ತು ಮಾರಾಟದ ನಿಯಮಗಳ ಪ್ರಕಾರ 18 ತಿಂಗಳು ತುಂಬದ ಹೆಣ್ಣಿನಿಂದ ಮರಿ ತೆಗೆಸುವಂತಿಲ್ಲ, ವರ್ಷಕ್ಕೊಂದಕ್ಕಿಂತ ಹೆಚ್ಚು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಕೂಡದು, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ತಳಿಗಾರರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ತಾಯಿಯನ್ನು ತೋರಿಸದವರಿಂದ ನಾನಂತೂ ಮರಿ ತರುವುದಿಲ್ಲ.

ವಂಶಾವಳಿಯ ಕಾಗದದಲ್ಲಿ ಸೈರ್ ಎಂದರೆ ಅಪ್ಪ, ಡ್ಯಾಮ್ ಎಂದರೆ ಅವ್ವ. ಒಂದೇ ಪೂರ್ವಜನ ಹೆಸರು ಎರಡೂ ಕಡೆ ದೂರದಲ್ಲಿ ಬಂದರೆ ಲೈನ್ ಬ್ರೀಡಿಂಗ್, ಅಪ್ಪ-ಮಗಳು, ಅಣ್ಣ-ತಂಗಿಯಷ್ಟು ಹತ್ತಿರವಾದರೆ ಇನ್‌ಬ್ರೀಡಿಂಗ್, ಸಂಬಂಧವೇ ಇಲ್ಲದ ಎರಡು ವಂಶ ಸೇರಿದರೆ ಔಟ್‌ಕ್ರಾಸ್. ಬಣ್ಣದ ಹೆಸರಿನಲ್ಲಿ ಮರ್ಲ್ ಒಂದನ್ನು ನೆನಪಿಡಿ, ತಿಳಿಬಣ್ಣದ ಮೇಲೆ ಕಡುಬಣ್ಣದ ತೇಪೆಯಂಥ ಮಚ್ಚೆಗಳಿರುವ ಮೈ ಅದು. ಮರ್ಲ್‌ಗೆ ಮರ್ಲ್ ಕೂಡಿಸಿದರೆ ಕಿವುಡು, ಕುರುಡು ಮರಿಗಳು ಹುಟ್ಟಬಹುದು.

ಡಾಕ್ಟರಿಗೆ ಕಳಿಸುವ ಮೆಸೇಜು

ಫೋನಿನಲ್ಲಿ ನಾನು ಒಂದು ಮಾದರಿ ಇಟ್ಟುಕೊಂಡಿದ್ದೇನೆ. ಕಳೆದ ಮಳೆಗಾಲ ಚಂದ್ರಿ ಕುಂಟಿದಾಗ ಕಳಿಸಿದ್ದು ಹೀಗಿತ್ತು, ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ನೀವು ಬರೆಯಬಹುದು:

“ಚಂದ್ರಿ, ಮುಧೋಳ, ಹೆಣ್ಣು, ಸ್ಪೇ ಆಗಿದೆ, 8 ವರ್ಷ, 22 ಕಿಲೊ. ನಿನ್ನೆ ಸಂಜೆಯಿಂದ ಮುಂದಿನ ಬಲಗಾಲು. ಕುಕ್ಕುಲೋಟದಲ್ಲಿ ಆ ಕಾಲು ಬಿದ್ದಾಗ ತಲೆ ಏಳುತ್ತದೆ. ಮಣಿಕಟ್ಟು ಮಡಚಿದರೆ ಕಾಲು ಎಳೆದುಕೊಳ್ಳುತ್ತಾಳೆ, ಮೊಣಕೈ, ಹೆಗಲು ಮುಟ್ಟಿದರೆ ಸುಮ್ಮನಿದ್ದಾಳೆ. ಊತ ಇಲ್ಲ, ಪ್ಯಾಡಿನಲ್ಲಿ ಗಾಯ ಇಲ್ಲ, ಡ್ಯೂಕ್ಲಾ ಸರಿಯಿದೆ. ಶಾಖ 101.8. ವಸಡು ಗುಲಾಬಿ. ಊಟ ಮಾಡಿದ್ದಾಳೆ. ಔಷಧಿ ಏನೂ ಕೊಟ್ಟಿಲ್ಲ. ವಿಡಿಯೊ ಮೂರು ಕಳಿಸಿದ್ದೇನೆ.”

ಮೇಡಂ ಎರಡೇ ಪ್ರಶ್ನೆ ಕೇಳಿದರು. ಯಾವ ಕಾಲು ಎಂದು ಕೇಳಲಿಲ್ಲ.